ಶೆಟ್ಟೆವ್ವನ ಅಂಗಡಿ ಮುಂದಿನ ಡಾಂಬರು

ಅರಭಾವಿಯಿಂದ ಮೂಡಲಗಿಗೆ ಹೋಗುವ ರಸ್ತೆಯಲ್ಲಿ, ಕೆನಾಲಿನ ಏರು ಶುರುವಾಗುವಲ್ಲಿ ಶೆಟ್ಟೆವ್ವನ ಚಹಾದ ಅಂಗಡಿ ಇದೆ. ಅವಳ ಮನೆ ನಡೆಯುವುದೇ ಅದರ ಮೇಲೆ. ಅಂಗಡಿ ಮುಂದೆ ಎಷ್ಟೇ ಚೆನ್ನಾಗಿ ಡಾಂಬರು ಹಾಕಿದರೂ ವರ್ಷದೊಳಗೆ ಗಾಲಿ ಹಾಯುವ ಜಾಗ ತಗ್ಗು ಬೀಳುತ್ತಿತ್ತು. ರಸ್ತೆ ಕೆಲಸದ ಮೇಸ್ತ್ರಿಯಾದ ನಾನು ಏಳು ವರ್ಷ ಒಂದೇ ಕಾರಣ ಬರೆದು ಕೊಟ್ಟೆ: ಅಂಗಡಿಯ ಮುಸುರೆ ನೀರು. ಓದಿ ಓದಿ ಬೇಸತ್ತ ದೊಡ್ಡ ಸಾಹೇಬರು ಈ ಸಲ ಅಂಗಡಿಯನ್ನೇ ಕೀಳಿಸಲು ಹೊರಟರು. ಸೋಮವಾರ ಬಂದು ನೋಡಿ ತೀರ್ಮಾನಿಸುವುದಾಗಿ ಹೇಳಿದರು.

ಹುಕ್ಕೇರಿ ಕಡೆಯ ದಾಕ್ಷಾಯಿಣಿ ಮೇಡಂ ಆಗಷ್ಟೇ ನಮ್ಮ ಆಫೀಸಿಗೆ ಎಂಜಿನಿಯರಾಗಿ ಬಂದಿದ್ದರು. ಅವರ ಲ್ಯಾಪ್‌ಟಾಪಿನೊಳಗೇ ಒಂದು ರಸ್ತೆ ಇತ್ತು. ಡಾಂಬರಿನ ದಪ್ಪ, ಬಿಸಿಲು, ಗಾಡಿಗಳ ತೂಕ, ವೇಗ ಎಲ್ಲ ತುಂಬಿದರೆ ಹತ್ತು ವರ್ಷದ ಸವೆತವನ್ನು ಹತ್ತೇ ನಿಮಿಷದಲ್ಲಿ ತೋರಿಸುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಬೆನ್ನು ಸುಡಿಸಿಕೊಳ್ಳದೆ ರಸ್ತೆ ಕಲಿಯುವುದುಂಟೆ? ನನ್ನ ಮಾತಿಗೆ ಅವರು ಮುಸುರೆ ನೀರನ್ನೂ ತುಂಬಿ ನೋಡಿದರು. ರಸ್ತೆಯ ಅಂಚು ಕೊಂಚ ಬಿರಿಯಿತು, ಅಷ್ಟೇ. ಗಾಲಿಯ ಜಾಗ ಎಂಟು ವರ್ಷ ಗಟ್ಟಿ ಎಂದಿತು ಕಂಪ್ಯೂಟರು. ನಿಜದ ರಸ್ತೆಯಲ್ಲಿ ಅಲ್ಲಿ ನಾಲ್ಕು ಬೆರಳು ತಗ್ಗು. ಮೇಡಂ ಮುಖ ಸಪ್ಪಗಾಯಿತು. ಗೆದ್ದ ಗತ್ತಿನಲ್ಲಿ ಅವರನ್ನು ಚಹಾಕ್ಕೆ ಕರೆದೊಯ್ದೆ, ಅದೂ ಶೆಟ್ಟೆವ್ವನ ಅಂಗಡಿಗೇ.

ಆಗ ಉದ್ದಪ್ಪ ಎಂಬ ಟ್ರ್ಯಾಕ್ಟರ್ ಡ್ರೈವರ್ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಬಂದ. ಹಿಂದಿನ ಟ್ರೇಲರನ್ನು ಅಂಗಡಿ ಮುಂದೆ ಕಳಚಿಟ್ಟು, ಮುಂದಿನದನ್ನಷ್ಟೇ ಎಳೆದುಕೊಂಡು ಏರು ಹತ್ತಿದ. ಎರಡನ್ನೂ ಒಟ್ಟಿಗೆ ಎಳೆದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಇಲ್ಲಿ ಎಲ್ಲರೂ ಮಾಡುವುದು ಹೀಗೆಯೇ. ಅವನು ಮರಳಿ ಬರುವ ತನಕ ಅರ್ಧ ತಾಸು ಆ ಹೇರು ಬಿಸಿಲಲ್ಲಿ ಅಲ್ಲೇ ನಿಂತಿತ್ತು. ದಿನಾ ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಮೇಡಂ ಕಪ್ ಕೆಳಗಿಟ್ಟು, ಇವೆಲ್ಲ ಚಹಾಕ್ಕೆಂದು ನಿಲ್ಲುತ್ತವೆಯೇ ಎಂದು ಕೇಳಿದರು.

"ಗಾಡಿ ನಿಲ್ಲತಾವಂತ ನಾ ಅಂಗಡಿ ಇಟ್ಟೇನ್ರಿ. ಅಂಗಡಿ ಐತಂತ ಗಾಡಿ ನಿಲ್ಲಂಗಿಲ್ರಿ," ಎಂದಳು ಶೆಟ್ಟೆವ್ವ.

ಮೇಡಂ ಕಂಪ್ಯೂಟರಿನಲ್ಲಿ ಎಲ್ಲ ಗಾಡಿಗಳನ್ನೂ ಓಡಿಸಿದ್ದರು, ಒಂದನ್ನೂ ನಿಲ್ಲಿಸಿರಲಿಲ್ಲ. ಬಿಸಿಲಿಗೆ ಮೆತ್ತಗಾದ ಡಾಂಬರು ಓಡುವ ಭಾರವನ್ನು ತಾಳಿಕೊಳ್ಳುತ್ತದೆ, ನಿಂತ ಭಾರಕ್ಕೆ ಕುಸಿಯುತ್ತದೆ ಎಂದು ನನಗೆ ವಿವರಿಸುತ್ತಲೇ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಟ್ರೇಲರುಗಳನ್ನು ನಿಲ್ಲಿಸಿದರು. ಈ ಸಲ ಮೊದಲ ವರ್ಷವೇ ನಾಲ್ಕು ಬೆರಳು ತಗ್ಗು, ಸರಿಯಾಗಿ ಅದೇ ಜಾಗದಲ್ಲಿ. ಸೋತದ್ದಕ್ಕೆ ನನಗೆ ಹೊಟ್ಟೆ ಉರಿಯಬೇಕಿತ್ತು, ಕುಣಿಯುವಷ್ಟು ಖುಷಿಯಾಯಿತು.

ಸೋಮವಾರ ಸಾಹೇಬರು ಕಂಪ್ಯೂಟರಿನ ತಗ್ಗನ್ನೂ ರಸ್ತೆಯ ತಗ್ಗನ್ನೂ ಹೋಲಿಸಿ ನೋಡಿದರು. ಅಂಗಡಿ ಉಳಿಯಿತು. ಟ್ರೇಲರ್ ನಿಲ್ಲಲು ರಸ್ತೆ ಪಕ್ಕದಲ್ಲಿ ಕಾಂಕ್ರೀಟ್ ಹಾಕಬೇಕೆಂದು ಬರೆದು ಹೊರಟುಹೋದರು. ಮೇಡಂ ಕೂಡ ಅವರ ಜೊತೆ ಹೋದರು, ಶೆಟ್ಟೆವ್ವನೆದುರು ನಾನೊಬ್ಬನೇ ಉಳಿದೆ. ನಿಜ ಹೇಳದೆ ಹೋದರೆ ಆ ದಾರಿಯಲ್ಲಿ ಮತ್ತೆ ಮುಖ ಎತ್ತಿ ತಿರುಗಲಾರೆ ಅನ್ನಿಸಿತು.

"ಏಳು ವರ್ಷ ನಿಮ್ಮ ಮುಸುರಿ ನೀರಿನ ಮ್ಯಾಲೆ ತಪ್ಪು ಹೊರಿಸಿ ಬರದಾಂವ ನಾನ ರೀ," ಎಂದೆ.

"ಗೊತ್ತಿತ್ರಿ ಮಾಯಪ್ಪಣ್ಣ. ಅದಕ್ಕ ಏಳು ವರ್ಷದಿಂದ ನಿಮ್ಮ ಚಾಕ್ಕ ಸಕ್ಕರಿ ಕಡಿಮಿನ ಹಾಕೇನಿ."

ಎಂದವಳೇ ಎರಡು ಚಮಚ ಸಕ್ಕರೆ ಸುರಿದು ಕಪ್ ಮುಂದಿಟ್ಟಳು. ತುಟಿಗೆ ಅಂಟುವಷ್ಟು ಸಿಹಿ. ಇನ್ನೊಂದು ಕಪ್ ಕೇಳಿ ಕುಡಿದೆ.