ಮಂಗಳ ದ್ಯಾಮಣ್ಣನದು

“ನಿನ್ನಿ ಎಲ್ಲಿಗಿ ಬಿಟ್ಟಿದ್ವಿ?”

ಏಕತಾರಿಯ ತಂತಿ ಬಿಗಿ ನೋಡುತ್ತ ಕಾಸಿಮಸಾಬ ಕೇಳಿದ. ಯಾರನ್ನೂ ಉದ್ದೇಶಿಸಿದ ಮಾತಲ್ಲ ಅದು. ಹಾಡುವ ಮೊದಲು ಹಾಗೆ ಕೇಳುವುದು ಅವನ ರೂಢಿ. ಏನಾದರೊಂದು ಚೇಷ್ಟೆಯ ಉತ್ತರ ಕೊಡುವುದು ದ್ಯಾಮಣ್ಣನ ರೂಢಿಯಾಗಿತ್ತು. ಈಗ ದ್ಯಾಮಣ್ಣ ತನ್ನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಎದೆಯ ಬೇನೆ ಮೊದಲು ಅವನ ದನಿಯನ್ನು ತಿಂದು, ಈಗ ಉಸಿರಿಗೆ ಬಂದಿತ್ತು.

ಕಾಸಿಮಸಾಬ ಧಾರವಾಡದ ಪಿಂಜಾರ. ಮನೆಮನೆಗೆ ಹೋಗಿ ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವವನು. ದ್ಯಾಮಣ್ಣ ಕೆಲಗೇರಿಯಲ್ಲಿ ಹತ್ತಿ ಬೆಳೆಯುವ ರೈತ. ಹರೆಯದಲ್ಲಿ ಒಮ್ಮೆ ಇದೇ ಪಡಸಾಲೆಯಲ್ಲಿ, ಹಿಂಜುವ ಬಿಲ್ಲಿನ ನಾದಕ್ಕೆ ದನಿಗೂಡಿಸಿ ಕಾಸಿಮಸಾಬ ತನ್ನಷ್ಟಕ್ಕೆ ಗುನುಗುತ್ತಿದ್ದಾಗ, ದ್ಯಾಮಣ್ಣ ಒಳಗಿನಿಂದ ತಾಳ ಹಿಡಿದು ಬಂದು ಎದುರಿಗೆ ಕೂತ. ಆ ದಿನ ಗಾದಿ ಮುಗಿಯಲಿಲ್ಲ. ಅಂದಿನಿಂದ ಇಬ್ಬರದೂ ಒಂದೇ ಮೇಳ. ಹಿರಿಯರಿಂದ ಬಂದ ತತ್ವಪದ ಹಾಡಿದರು, ಮೊಹರಮ್ಮಿನಲ್ಲಿ ಅಲಾವಿ ಪದ ಹಾಡಿದರು, ತಾವೇ ಕಟ್ಟಿಯೂ ಹಾಡಿದರು. ಮಾತು ಕಾಸಿಮಸಾಬನದು, ಮಟ್ಟು ದ್ಯಾಮಣ್ಣನದು. ಅವರು ಕಟ್ಟಿದ ಒಂದು ಪದವನ್ನು ಗರಗದ ಹೆಂಗಸರು ನೂಲುವ ರಾಟಿ ತಿರುಗಿಸುತ್ತ ಹಾಡತೊಡಗಿದ್ದರು. ಯಾರು ಕಟ್ಟಿದ್ದೆಂದು ಅವರಿಗೆ ಗೊತ್ತಿರಲಿಲ್ಲ, ಇವರೂ ಹೇಳಲಿಲ್ಲ.

ಕಾಸಿಮಸಾಬನಿಂದ ಒಂದು ತಪ್ಪು ಆದದ್ದೂ ಗರಗದಲ್ಲೇ, ಮೇಳ ಕೂಡಿದ ಮೊದಲ ವರ್ಷ. ಮಂಗಳ ಹಾಡಿದರೆಂದರೆ ಭಜನೆ ಮುಗಿಯಿತು. ಆಮೇಲೆ ಯಾರೂ ಪದ ಎತ್ತುವಂತಿಲ್ಲ, ತಂತಿ ಸಡಿಲಿಸಬೇಕು. ಕಣ್ಣು ಮುಚ್ಚಿ ಮೈಮರೆತಿದ್ದ ಕಾಸಿಮಸಾಬ ಇನ್ನೂ ಭಜನೆ ರಂಗೇರುವ ಮೊದಲೇ ಮಂಗಳ ಎತ್ತಿಬಿಟ್ಟ. ಜನ ಕೈಮುಗಿದು ಎದ್ದರು. ಹೆಂಗಸರು ಮಲಗಿದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಪ್ರಸಾದದ ಹುಗ್ಗಿ ಇನ್ನೂ ಒಲೆಯ ಮೇಲಿತ್ತು.

“ಇನ್ನಮ್ಯಾಲ ನೀ ಎತ್ತಾಂವ, ನಾ ಮುಗಸಾಂವ,” ಎಂದ ದ್ಯಾಮಣ್ಣ ತಿರುಗಿ ಬರುವ ದಾರಿಯಲ್ಲಿ. “ಮಂಗಳಾ ನಿನ್ನ ಕೈಯಾಗ ಕೊಟ್ರ ಊರ ಮಂದಿ ಉಪವಾಸ ಬೀಳತಾರ.”

ಅದೇ ನೇಮವಾಯಿತು. ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ಹಾಡಲಿ, ರೈಲ್ವೆ ಚಾಳಿನಲ್ಲಿ ಹಾಡಲಿ, ಕೊನೆಗೆ ಕಾಸಿಮಸಾಬ ಬರೀ ತಂತಿ ಮೀಟುತ್ತ ಸುಮ್ಮನಾಗುತ್ತಿದ್ದ. ದ್ಯಾಮಣ್ಣ ಮಂಗಳ ಹಾಡುತ್ತಿದ್ದ. ಇಬ್ಬರ ಕೂದಲೂ ಬೆಳ್ಳಗಾದವು, ಆದರೂ ಕೂತಲ್ಲೆಲ್ಲ ದ್ಯಾಮಣ್ಣನ ಆ ಚೇಷ್ಟೆ ತಪ್ಪಲಿಲ್ಲ: “ಎಚ್ಚರ ಇರಪಾ, ಹುಗ್ಗಿ ಇನ್ನೂ ಕುದೀಬೇಕು.”

ದ್ಯಾಮಣ್ಣ ಹಾಸಿಗೆ ಹಿಡಿದ ಮೇಲೆ ಕಾಸಿಮಸಾಬ ದಿನಾ ಮಧ್ಯಾಹ್ನದ ನಮಾಜು ಮುಗಿಸಿ ಕೆರೆಯ ದಂಡೆಗುಂಟ ನಡೆದು ಬರುತ್ತಿದ್ದ. ಮಹಾಯುದ್ಧದ ತುಟ್ಟಿ ಕಾಲದಲ್ಲೂ ಎಲ್ಲಿಂದಲೋ ಹೊಸ ಅರಳೆ ತಂದು ಗೆಳೆಯನ ಗಾದಿ ತುಂಬಿದ್ದ. ಪಕ್ಕದಲ್ಲಿ ಕೂತು ಹಾಡಿ, ತಂತಿ ಸಡಿಲಿಸದೆ, ಏಕತಾರಿಯನ್ನು ಅಲ್ಲೇ ಗೂಟಕ್ಕೆ ತೂಗುಹಾಕಿ, ನಾಳೆ ಬರುತ್ತೇನೆಂದು ಎದ್ದು ಹೋಗುತ್ತಿದ್ದ. ಮಂಗಳವಾಗದ ಭಜನೆ ಮುಗಿದಿಲ್ಲವೆಂದೇ ಅವನ ಲೆಕ್ಕ.

ದ್ಯಾಮಣ್ಣನ ಹೆಂಡತಿ ಬಾಳವ್ವ ಇದನ್ನೆಲ್ಲ ನೋಡುತ್ತಿದ್ದಳು. ನಿನ್ನೆ ಹೊಸ್ತಿಲ ತನಕ ಬಂದು ಮೆಲ್ಲಗೆ ಹೇಳಿದ್ದಳು: ಗಂಜಿ ಒಲ್ಲೆ ಅನ್ನುತ್ತಾರೆ, ಔಷಧ ಒಲ್ಲೆ ಅನ್ನುತ್ತಾರೆ, ಮಂಗಳ ಕೇಳಿಸಿಕೊಂಡು ಹೋಗಿಬಿಡಬೇಕು ಎನ್ನುತ್ತಾರೆ. ಕಾಸಿಮಸಾಬ ಚಪ್ಪಲಿ ಮೆಟ್ಟಿ ಕೆರೆಯ ದಂಡೆ ಹಿಡಿದಿದ್ದ.

ಇವತ್ತು ಅವನು ತಾವಿಬ್ಬರೂ ಕಟ್ಟಿದ ಹಳೆಯ ಪದವನ್ನೇ ಎತ್ತಿದ.

ಬಿತ್ತಿದಾಂವ ನೀನ, ಬಿಡಿಸಿದಾಂವ ನೀನ,
ಹಿಂಜಿ ಹಗುರ ಮಾಡಿದಾಂವ ನೀನ.

ಗಾದಿಯ ಮೇಲೆ ದ್ಯಾಮಣ್ಣನ ಬೆರಳು ತಾಳ ಹಾಕಿದವು. ಪದ ಮುಗಿದಾಗ ಅವನು ಕಷ್ಟಪಟ್ಟು ಇತ್ತ ಹೊರಳಿದ. ದನಿ ಗಾಳಿಯಷ್ಟೇ ಇತ್ತು.

“ಹುಗ್ಗಿ ಕುದ್ದೈತೋ ಕಾಸೀಮಾ. ಇವತ್ತ ಮಂಗಳಾ ನೀನ ಹಾಡಿಬಿಡು.”

ಗಂಜಿಯ ಬಟ್ಟಲು ಹಿಡಿದು ಬಂದ ಬಾಳವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಕಾಸಿಮಸಾಬ ಎದ್ದು ಏಕತಾರಿಯನ್ನು ಗೂಟಕ್ಕೆ ತೂಗುಹಾಕಿದ. ಬಾಳವ್ವನ ಕೈಯಿಂದ ಬಟ್ಟಲು ತೆಗೆದುಕೊಂಡು, ಗೆಳೆಯನ ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡ.

“ಇಲ್ಲ ದ್ಯಾಮಣ್ಣ. ಮಂಗಳಾ ನಿಂದು. ನಾ ಹಾಡಂಗಿಲ್ಲ.”