ಏಳನೆಯ ಆಜ್ಞೆಗೆ ಒಂದು ವಾಕ್ಯ

ನಮ್ಮ ಚರ್ಚಿನ ಸಭೆಯ ವಾರ್ಷಿಕೋತ್ಸವಕ್ಕೆ ಸಂಡೇ ಸ್ಕೂಲಿನ ಹತ್ತು ಮಕ್ಕಳು ಹತ್ತು ಆಜ್ಞೆಗಳನ್ನು ಹೇಳಬೇಕೆಂದು ಪಾಸ್ಟರು ತೀರ್ಮಾನಿಸಿದಾಗ ನನಗೇನೂ ಅನ್ನಿಸಲಿಲ್ಲ. ಮಕ್ಕಳು ಪ್ರತಿ ವರ್ಷ ಏನಾದರೊಂದು ಹೇಳುತ್ತವೆ, ಅರ್ಧ ಮರೆಯುತ್ತವೆ, ಜನ ಚಪ್ಪಾಳೆ ತಟ್ಟುತ್ತಾರೆ, ಬಿಸ್ಕತ್ತು ತಿಂದು ಮನೆಗೆ ಹೋಗುತ್ತೇವೆ. ಈ ಸಲ ಮಾತ್ರ ಪಾಸ್ಟರಿಗೆ ಹೊಸ ಹುರುಪು ಬಂದಿತ್ತು.

"ಬರೀ ಬಾಯಿಪಾಠ ಬೇಡ ಟೀಚರ್" ಎಂದರು. "ಆಜ್ಞೆ ಹೇಳಿದ ಮೇಲೆ, ಇವತ್ತಿನ ಜೀವನದಲ್ಲಿ ಅದರ ಅರ್ಥ ಏನು ಅಂತ ಪ್ರತಿ ಮಗೂನೂ ಒಂದು ವಾಕ್ಯ ಹೇಳ್ಲಿ. ಮನೇಲಿ ಅಪ್ಪ ಅಮ್ಮನ್ನ ಕೇಳಿಕೊಂಡು ಬರ್ಲಿ. ಅಷ್ಟು ಹಳೇ ಮಾತು ಇವತ್ತಿಗೂ ಹೇಗೆ ಜೀವಂತವಾಗಿದೆ ಅನ್ನೋದು ದೊಡ್ಡವರಿಗೂ ಗೊತ್ತಾಗ್ಲಿ."

ಯಾವ ಮಗುವಿಗೆ ಯಾವ ಆಜ್ಞೆ ಎಂಬುದನ್ನು ಚೀಟಿ ಎತ್ತಿಸಿ ನಿರ್ಧರಿಸಿದೆವು. ಹಿಂದಿನ ವರ್ಷದ ನಾಟಕದಲ್ಲಿ ಯಾರ ಮಗು ದೇವದೂತ, ಯಾರ ಮಗು ಕುರಿ ಎಂದು ತಾಯಂದಿರು ಜಡೆ ಜಡೆ ಹಿಡಿದುಕೊಳ್ಳುವುದೊಂದು ಬಾಕಿ ಉಳಿದಿತ್ತು. ಚೀಟಿಯಾದರೆ ಯಾರೂ ಯಾರನ್ನೂ ಬೈಯುವಂತಿಲ್ಲ. ಬಿಸ್ಕತ್ತಿನ ಡಬ್ಬಿಗೆ ಕೈಹಾಕಿ ಒಂದೊಂದೇ ಮಗು ಎತ್ತಿತು. ಏಳನೆಯ ಆಜ್ಞೆಯ ಚೀಟಿ ನನ್ನ ತಮ್ಮನ ಮಗಳಿಗೆ ಬಂತು.

ಅವಳನ್ನು ಮನೆಯಲ್ಲಿ ಕರೆಯುವುದೇ ಪಟಾಕಿ ಎಂದು. ಚೀಟಿ ಬಿಡಿಸಿ, ಒಂದೊಂದೇ ಅಕ್ಷರ ಕೂಡಿಸಿ, ಇಡೀ ತರಗತಿಗೆ ಕೇಳುವಂತೆ ಓದಿದಳು: "ವ್ಯ, ಭಿ, ಚಾ, ರ, ಮಾಡಬಾರದು." ಆಮೇಲೆ ಕುಣಿದಳು. "ಅತ್ತೆ, ನನಗೂ ಏಳು ವರ್ಷ, ನನ್ನ ಆಜ್ಞೇನೂ ಏಳು!"

ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಯಾಕೆಂದರೆ ನನ್ನ ತಮ್ಮನಿಗೆ ಇನ್ನೊಂದು ಮನೆಯಿದೆ. ಅದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅವನ ಹೆಂಡತಿಗೆ ಗೊತ್ತು, ಅವರ ಮನೆಯ ಮಹಡಿಯ ಕೋಣೆಯಲ್ಲಿರುವ ನನಗೆ ಗೊತ್ತು, ಪಾಸ್ಟರಿಗೆ ಗೊತ್ತು. ಗೊತ್ತಿಲ್ಲದಿದ್ದದ್ದು ಪಟಾಕಿಗೆ ಒಬ್ಬಳಿಗೇ. ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುವುದೇ ನಮ್ಮ ಮನೆಯಲ್ಲಿ ಬಹಳ ಕಾಲದಿಂದ ನಡೆದುಕೊಂಡು ಬಂದ ಕೆಲಸವಾಗಿತ್ತು.

ನನ್ನ ತಮ್ಮ ಮೈಕ್ ಸೆಟ್ಟಿನವನು. ಮದುವೆಗೆ, ಸಭೆ ಸಮಾರಂಭಕ್ಕೆ, ಸ್ಕೂಲ್ ಡೇಗೆ ಸ್ಪೀಕರ್ ಬಾಕ್ಸುಗಳನ್ನು ಬಾಡಿಗೆಗೆ ಕೊಟ್ಟು ತಾನೇ ಹೋಗಿ ನಿಲ್ಲುತ್ತಾನೆ. ಹಾಗಾಗಿ ಸಂಜೆಯ ಹೊತ್ತು ಅವನು ಮನೆಯಲ್ಲಿಲ್ಲದಿದ್ದರೆ ಯಾರೂ ಏನೂ ಕೇಳುವಂತಿರಲಿಲ್ಲ. "ಪ್ರೋಗ್ರಾಮ್ ಇದೆ" ಎಂದರೆ ಮುಗಿಯಿತು. ಪ್ರೋಗ್ರಾಮ್ ಇಲ್ಲದ ದಿನವೂ ಅವನಿಗೆ ಪ್ರೋಗ್ರಾಮ್ ಇರುತ್ತಿತ್ತು. ಸಭೆಯ ಮೈಕುಗಳೂ ಅವನ ಸುಪರ್ದಿನಲ್ಲೇ, ಅದೂ ಬಿಟ್ಟಿಯಾಗಿ. ಕ್ವಾಯರಿನಲ್ಲಿ ಹಾಡುವ ಬೇಕರಿಯವಳ ಮೈಕನ್ನು ಮಾತ್ರ ಎರಡೆರಡು ಸಲ ಎತ್ತರಿಸಿ ಇಳಿಸಿ ಸರಿಮಾಡುತ್ತಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಯಾರೂ ನೋಡುತ್ತಿಲ್ಲ ಎಂದುಕೊಳ್ಳುತ್ತದಂತೆ. ಜನ ಮೊದಲು ನೋಡಿದ್ದೇ ಅದನ್ನು.

ನಾನು ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಬಾಯಿ ತೆಗೆಸುವುದು ಡಾಕ್ಟರ ಕೆಲಸ, ಬಾಯಿ ಮುಚ್ಚಿಕೊಂಡಿರುವುದು ನನ್ನದು. ಆದರೆ ಅವತ್ತು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ತರಗತಿ ಮುಗಿದದ್ದೇ ಪಾಸ್ಟರ ಹತ್ತಿರ ಹೋದೆ.

"ಈ ಮಗೂಗೆ ಬೇರೆ ಆಜ್ಞೆ ಕೊಡೋಣ ಪಾಸ್ಟರೇ. ಇಲ್ಲದಿದ್ರೆ ಏಳನೇದನ್ನೇ ಬಿಟ್ಟುಬಿಡೋಣ."

ಪಾಸ್ಟರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಏನು ಹೇಳಬೇಕೆಂದು ತೋಚದಿದ್ದಾಗ ಕನ್ನಡಕ ಕೊಳೆಯಾಗುತ್ತದೆ. "ಹತ್ತು ಆಜ್ಞೆಗಳು ಅಂತ ಬ್ಯಾನರ್ ಪ್ರಿಂಟ್ ಆಗಿಹೋಗಿದೆಯಲ್ಲ ಟೀಚರ್. ಚೀಟಿ ಬೇರೆ ಎಲ್ಲರ ಎದುರಿಗೇ ಎತ್ತಿದ್ದಾಗಿದೆ. ಈಗ ಬದಲಾಯಿಸಿದ್ರೆ ಯಾಕೆ ಅಂತ ಮಕ್ಕಳೇ ಕೇಳ್ತಾರೆ. ನಾನೇನು ಹೇಳ್ಲಿ?"

"ನನ್ನ ತಮ್ಮನಿಗೆ ನೀವೇ ಬುದ್ಧಿ ಹೇಳಬಹುದಿತ್ತಲ್ಲ?"

"ಹೇಳಿಲ್ಲ ಅಂದ್ಕೊಂಡ್ರಾ? ಹೇಳಿದೆ. ತಲೆ ತಗ್ಗಿಸಿ ಅತ್ತುಬಿಟ್ಟ. ಅಳೋನಿಗೆ ಇನ್ನೇನು ಹೇಳೋದು?"

ಪಟಾಕಿಯನ್ನೇ ಪುಸಲಾಯಿಸಿ ನೋಡಿದೆ. ಎಂಟನೆಯದು, ಕಳ್ಳತನದ ಆಜ್ಞೆ, ಚೆನ್ನಾಗಿದೆ, ಅದನ್ನು ತೆಗೆದುಕೋ ಎಂದೆ. "ನಂಗೆ ಎಂಟು ವರ್ಷ ಆದ್ಮೇಲೆ ಅದನ್ನ ಹೇಳ್ತೀನಿ" ಎಂದಳು. ಅವಳ ಲೆಕ್ಕ ಅವಳಿಗೆ ಸರಿಯಾಗಿಯೇ ಇತ್ತು.

ವಾರದೊಳಗೆ ಬೇರೆ ಮಕ್ಕಳ ವಾಕ್ಯಗಳು ತಯಾರಾದವು. ವಿಗ್ರಹದ ಆಜ್ಞೆಯವನು "ಮೊಬೈಲೇ ನಮ್ಮ ವಿಗ್ರಹ" ಎಂದು ತಂದ. ಕಳ್ಳತನದವಳು "ಪಕ್ಕದ ಮನೆಯ ವೈಫೈ ಕದಿಯಬಾರದು" ಎಂದು ತಂದಳು. ಸುಳ್ಳುಸಾಕ್ಷಿಯ ಹುಡುಗ "ಅಪ್ಪ ಮನೆಯಲ್ಲಿದ್ದರೂ ಇಲ್ಲ ಅಂತ ಹೇಳಬಾರದು" ಎಂದಾಗ ಪಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟಾಕಿಯ ವಾಕ್ಯ ಮಾತ್ರ ಹುಟ್ಟಲಿಲ್ಲ. ಊಟಕ್ಕೆ ಕೂತಾಗ ನನ್ನನ್ನು ಕೇಳಿದಳು. ಊಟ ಮಾಡುವಾಗ ಮಾತಾಡಬಾರದು ಎಂದೆ. ಊಟ ಮುಗಿಸಿ ಕೇಳಿದಳು. ನಿದ್ದೆ ಬರುತ್ತಿದೆ ಎಂದೆ. ಪಾಸ್ಟರನ್ನು ಕೇಳಿದರೆ ಅವರು ತಲೆ ಸವರಿ ನನ್ನ ಕಡೆಗೇ ಕಳಿಸಿದರು. ಅವಳ ಅಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಸ್ಕೂಲಿನಿಂದ ನೇರ ಅಲ್ಲಿಗೆ ಹೋಗಿ, ಔಷಧಿಗೆ ನಿಂತಿದ್ದವರ ನಡುವೆ ನುಗ್ಗಿ, "ಅಮ್ಮಾ, ವ್ಯಭಿಚಾರ ಅಂದ್ರೇನು?" ಎಂದು ಕೂಗಿದಳಂತೆ. ಅಂಗಡಿಯ ಯಜಮಾನರು ಗಾಬರಿಯಾಗಿ "ಹಾಲಿಗೆ ನೀರು ಬೆರೆಸೋದು ಮರಿ" ಎಂದರಂತೆ. ನಿಂತಿದ್ದವರೆಲ್ಲ ನಕ್ಕರಂತೆ. ಅವಳ ಅಮ್ಮ ಮಾತ್ರ ಮಾತ್ರೆಯ ಹಾಳೆ ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದಳಂತೆ: "ನಿಮ್ಮಪ್ಪನ್ನೇ ಕೇಳು."

ನನ್ನ ತಮ್ಮನ ಹೆಂಡತಿ ಇಷ್ಟು ದಿನಗಳಲ್ಲಿ ಒಮ್ಮೆಯೂ ದನಿ ಎತ್ತಿದವಳಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ನುಂಗಲೂ ಆಗದೆ ಉಗುಳಲೂ ಆಗದೆ ಇದ್ದುಬಿಟ್ಟಿದ್ದಳು. ಅವಳು ಎಸೆದ ಕಲ್ಲು ಅದೊಂದೇ. ಅದನ್ನೂ ಮಗಳ ಕೈಯಲ್ಲಿ ಕೊಟ್ಟು ಕಳಿಸಬೇಕಾಯಿತು.

ತಮ್ಮ ಹಜಾರದಲ್ಲಿ ನೆಲದ ಮೇಲೆ ಕೂತು ತುಂಡಾದ ಮೈಕ್ ವೈರಿಗೆ ಬೆಸುಗೆ ಹಾಕುತ್ತಿದ್ದ. ಪಟಾಕಿ ಸ್ಪೀಕರ್ ಬಾಕ್ಸಿನ ಮೇಲೆ ಹತ್ತಿ ಕೂತು ಕೇಳಿದಳು. ನಾನು ಒಣಗಿದ ಬಟ್ಟೆ ಹೊತ್ತುಕೊಂಡು ಬಾಗಿಲಲ್ಲೇ ನಿಂತೆ.

"ಪಪ್ಪಾ, ನನ್ನ ಆಜ್ಞೆಗೆ ಯಾರೂ ವಾಕ್ಯ ಕೊಡ್ತಿಲ್ಲ. ಅಮ್ಮ ನಿಮ್ಮನ್ನೇ ಕೇಳು ಅಂದ್ಲು."

ಅವನು ಬೆಸುಗೆಯ ಕಡ್ಡಿಯನ್ನು ಎತ್ತಿ ಹಿಡಿದವನು ಹಾಗೆಯೇ ಉಳಿದ. ಕರಗಿದ ಸೀಸ ನೆಲದ ಮೇಲೆ ಹನಿಯಿತು. ಸುಳ್ಳೊಂದನ್ನು ಹೊಸೆದು ಕೊಡುತ್ತಾನೆ ಎಂದುಕೊಂಡೆ, ಅದರಲ್ಲಿ ಅವನು ಪಳಗಿದವನು. ಅವನು ಮುಖ ಎತ್ತದೆ ಹೇಳಿದ: "ಸಂಜೆಯಾದ ಮೇಲೆ ಎಲ್ಲರೂ ಅವರವರ ಮನೆಗೇ ಬರಬೇಕು."

"ಅಷ್ಟೇನಾ? ಇಷ್ಟು ಸುಲಭಾನಾ!" ಪಟಾಕಿ ಎರಡು ಸಲ ಹೇಳಿಕೊಂಡಳು. ಆಮೇಲೆ ಅನುಮಾನ ಬಂತು. "ಪ್ರೋಗ್ರಾಮ್ ಇದ್ರೆ?"

"ಪ್ರೋಗ್ರಾಮ್ ಇದ್ರೆ ಪರವಾಗಿಲ್ಲ."

ಅವಳು ಅಮ್ಮನಿಗೆ ಹೇಳಲು ಓಡಿದಳು. ನಾನು ಬಟ್ಟೆಯ ರಾಶಿಯನ್ನು ಅವನ ಮುಂದೆಯೇ ಕುಕ್ಕಿದೆ. "ನಾಚಿಕೆ ಆಗಲ್ವೇನೋ ನಿಂಗೆ? ಎಲ್ಲಾ ಗೊತ್ತಿದ್ದೂ ಗೊತ್ತಿದ್ದೂ..."

"ಬೈಯಿ ಅಕ್ಕಾ. ಬೈದ್ರೆ ಹೋಗೋದಾಗಿದ್ರೆ ಎಂದೋ ಹೋಗ್ತಿತ್ತು." ಅವನು ಕಡ್ಡಿಯ ಸ್ವಿಚ್ಚು ಆರಿಸಿದ. "ಇಲ್ಲಿದ್ರೆ ಅಲ್ಲಿ ಅವಳು ಒಬ್ಬಳೇ ಅಂತ ಜೀವ ಹಿಂಡುತ್ತೆ. ಅಲ್ಲಿದ್ರೆ ಈ ಮಗು. ಎಲ್ಲೂ ನೆಟ್ಟಗೆ ಒಂದು ತುತ್ತು ತಿಂದಿಲ್ಲ ನಾನು."

"ಎರಡು ದೋಣಿಯಲ್ಲಿ ಕಾಲಿಟ್ಟೋನು ನೀನು. ಮುಳುಗೋದು ಈ ತಾಯಿ ಮಗಳು."

ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದಕ್ಕಿಂತ ಹೆಚ್ಚಾಗಿ, ನಾನೇ ಎತ್ತಿ ಆಡಿಸಿದ ಹುಡುಗ ಹೀಗೆ ಕುಗ್ಗಿ ಕೂತಿದ್ದನ್ನು ನೋಡಿ ಅಳು ಬಂತು. ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಒಳಗೆ ಹೋದೆ.

ವಾರ್ಷಿಕೋತ್ಸವದ ಬೆಳಿಗ್ಗೆ ಚರ್ಚಿನ ಹಾಲ್ ಜನರಿಂದ ತುಂಬಿತ್ತು. ತಮ್ಮ ಎಂದಿನಂತೆ ಹಿಂದುಗಡೆ, ಬಾಗಿಲ ಪಕ್ಕದ ಮೇಜಿನಲ್ಲಿ, ಆಂಪ್ಲಿಫೈಯರ್ ಮುಂದೆ ಕೂತಿದ್ದ. ಅವನ ಹೆಂಡತಿ ಮುಂದಿನಿಂದ ಮೂರನೆಯ ಬೆಂಚಿನಲ್ಲಿ. ಬೇಕರಿಯವಳು ಕ್ವಾಯರಿನ ಬಿಳಿ ನಿಲುವಂಗಿಯಲ್ಲಿ, ವೇದಿಕೆಯ ಬಲಗಡೆ. ನಾನು ಎಡಗಡೆ ಮಕ್ಕಳ ಸಾಲಿನ ಪಕ್ಕದಲ್ಲಿ ನಿಂತಿದ್ದೆ. ಸ್ವಾಮಿ, ಇದೊಂದು ಸಲೀಸಾಗಿ ಕಳೆದುಹೋಗಲಿ, ಯಾರೂ ನಗದಿರಲಿ ಎಂದು ಪ್ರಾರ್ಥಿಸಿದೆ. ಅದಕ್ಕಿಂತ ದೊಡ್ಡದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಮೊಬೈಲಿಗೆ ಜನ ನಕ್ಕರು. ಐದನೆಯ ಮಗು ಅಪ್ಪ ಅಮ್ಮನ ಬಗ್ಗೆ ಹೇಳಿದಾಗ ಮುದುಕರು ತಲೆದೂಗಿದರು. ಆರನೆಯವನು ಹೇಳಿ ಪಕ್ಕಕ್ಕೆ ಸರಿದ. ಪಟಾಕಿ ಮೈಕಿನ ಮುಂದೆ ಬಂದು ನಿಂತು, ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಹಾಗೆ ಬೆರಳೆತ್ತಿ, ಗಂಟೆ ಹೊಡೆದಂತೆ ಹೇಳಿದಳು:

"ಏಳನೆಯ ಆಜ್ಞೆ. ವ್ಯಭಿಚಾರ ಮಾಡಬಾರದು."

ಆಗ ಆದದ್ದನ್ನು ಯಾರೂ ಬೇಕೆಂದು ಮಾಡಲಿಲ್ಲ. ಒಂದು ತಲೆ ಹಿಂದಕ್ಕೆ ತಿರುಗಿತು. ಅದನ್ನು ನೋಡಿ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಹಾಲ್ ಹಿಂದಕ್ಕೆ ತಿರುಗಿ, ಬಾಗಿಲ ಪಕ್ಕದ ಮೇಜನ್ನು ನೋಡತೊಡಗಿತು.

"ಇವತ್ತಿನ ಜೀವನದಲ್ಲಿ..." ಎಂದ ಪಟಾಕಿ ಅಲ್ಲೇ ನಿಂತಳು. ಎದುರಿಗಿದ್ದ ಮುಖಗಳೆಲ್ಲ ಮಾಯವಾಗಿ ಬರೀ ಬುರುಡೆಗಳು ಕಾಣುತ್ತಿದ್ದವು. ಜನ ಏನು ನೋಡುತ್ತಿದ್ದಾರೆಂದು ಅವಳೂ ನೋಡಿದಳು. ಅಲ್ಲಿ ಅವಳ ಅಪ್ಪ ಇದ್ದ. ಅವಳಿಗೆ ವಾಕ್ಯ ಮರೆತುಹೋಯಿತು. ನಾನು ಪಿಸುಗುಟ್ಟಿದೆ, ಅವಳಿಗೆ ಕೇಳಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಮೈಕಿನಲ್ಲೇ ಕರೆದಳು:

"ಪಪ್ಪಾ, ಮುಂದೆ ಏನು? ಹೇಳಿ ಪಪ್ಪಾ."

ತಮ್ಮ ಎದ್ದು ನಿಂತ. ಎದ್ದು ಹೊರಗೆ ಹೋಗಿಬಿಡಬಹುದಿತ್ತು, ಬಾಗಿಲು ಪಕ್ಕದಲ್ಲೇ ಇತ್ತು. ಅಲ್ಲಿಂದ ಪಿಸುಗುಟ್ಟಿದರೆ ವೇದಿಕೆಗೆ ಮುಟ್ಟುವುದಿಲ್ಲ. ಅವನು ಟೆಸ್ಟಿಂಗಿಗೆಂದು ಇಟ್ಟುಕೊಂಡಿದ್ದ ಮೈಕನ್ನು ಕೈಗೆತ್ತಿಕೊಂಡ.

"ಸಂಜೆಯಾದ ಮೇಲೆ" ಎಂದ. ಅವನೇ ಕಟ್ಟಿದ ಸ್ಪೀಕರುಗಳಿಂದ, ಹಾಲಿನ ನಾಲ್ಕೂ ಮೂಲೆಗಳಿಂದ ಅವನ ದನಿ ಬಂತು.

"ಸಂಜೆಯಾದ ಮೇಲೆ" ಎಂದಳು ಪಟಾಕಿ.

"ಎಲ್ಲರೂ."

"ಎಲ್ಲರೂ."

"ಅವರವರ ಮನೆಗೇ." ಅಲ್ಲಿ ಅವನ ದನಿ ಒಡೆಯಿತು. ಸ್ಪೀಕರು ಅದನ್ನೂ ಬಿಡದೆ ಕೇಳಿಸಿತು.

"ಅವರವರ ಮನೆಗೇ ಬರಬೇಕು!" ಉಳಿದದ್ದು ನೆನಪಾಗಿ ಪಟಾಕಿಯೇ ಮುಗಿಸಿದಳು. ಇದೇ ಹಾಲಿನಲ್ಲಿ, ತನ್ನ ಮದುವೆಯ ದಿನ, ಪಾಸ್ಟರು ತುಂಡುತುಂಡಾಗಿ ಹೇಳಿಕೊಟ್ಟ ಪ್ರಮಾಣದ ಮಾತನ್ನು ನನ್ನ ತಮ್ಮ ಹೀಗೆಯೇ ಹೇಳಿದ್ದ. ಅವನ ಹೆಂಡತಿಗೂ ಅದು ನೆನಪಾಗಿರಬೇಕು. ತೊಡೆಯ ಮೇಲಿದ್ದ ಕೈಚೀಲವನ್ನು ಎರಡು ಕೈಗಳಿಂದಲೂ ಒತ್ತಿ ಹಿಡಿದಿದ್ದಳು. ಜನ ಅವಸರವಾಗಿ ಚಪ್ಪಾಳೆ ತಟ್ಟಿದರು. ಎಂಟನೆಯ ಮಗು ವೈಫೈ ಬಗ್ಗೆ ಹೇಳಿತು, ಯಾರೂ ನಗಲಿಲ್ಲ. ಕೊನೆಯ ಹಾಡಿಗೆ ಕ್ವಾಯರು ಎದ್ದಾಗ ಬೇಕರಿಯವಳ ಜಾಗ ಖಾಲಿಯಿತ್ತು.

ಮಧ್ಯಾಹ್ನ ತಮ್ಮ ನಮ್ಮೊಂದಿಗೆ ಮನೆಗೆ ಬಂದ. ಚರ್ಚಿನಿಂದ ತಂದ ಬಾಕ್ಸುಗಳನ್ನು ಹಜಾರದಲ್ಲಿ ಜೋಡಿಸಿದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡ, ಅವಳ ಜೊತೆ ಹಾವು ಏಣಿ ಆಡಿ ಸೋತ. ಅವನ ಹೆಂಡತಿ ಕೇಳದೆಯೇ ಅವನಿಗೆ ಎರಡನೆಯ ಸಲ ಚಹಾ ಕೊಟ್ಟಳು. ನನಗೆ ಆಸೆ ಹುಟ್ಟಿತು. ಯಾರು ಹೇಳಿದರೂ ನಾಟದ ಮಾತು, ತನ್ನದೇ ಬಾಯಿಂದ ಬಂದದ್ದಕ್ಕಾದರೂ ನಾಟಿತೇನೋ ಎಂದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಅವನ ಫೋನು ಗುಂಯ್‌ಗುಟ್ಟಿತು. ಒಮ್ಮೆ ನಿಂತು ಮತ್ತೆ ಗುಂಯ್‌ಗುಟ್ಟಿತು. ಅವನು ಎದ್ದು ಶೂ ಹಾಕಿಕೊಂಡ. "ಪ್ರೋಗ್ರಾಮ್ ಇದೆ" ಎಂದ. ಅವನ ಹೆಂಡತಿ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಗೇಟಿನವರೆಗೂ ಅವನ ಹಿಂದೆ ಓಡಿದೆ. "ಇವತ್ತೊಂದಿನ ಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ."

"ಬೆಳಿಗ್ಗೆಯಿಂದ ಅಳ್ತಾನೇ ಇದಾಳಂತೆ ಅಕ್ಕಾ, ಬಾಗಿಲು ಹಾಕ್ಕೊಂಡು. ಹೋಗಿ ಎಲ್ಲಾ ಮುಗಿಸಿ ಬಂದುಬಿಡ್ತೀನಿ."

"ನಿಜವಾಗ್ಲೂ?"

ಅವನು ನನ್ನ ಮುಖ ನೋಡಿದ. ಅವನಿಗೇ ಗೊತ್ತಿರಲಿಲ್ಲ ಎಂಬುದು ಆ ಕಣ್ಣಲ್ಲಿ ಕಾಣುತ್ತಿತ್ತು. "ಬರ್ತೀನಿ" ಎಂದು ಹೊರಟುಹೋದ. ನಾನು ಗೇಟಿನ ಚಿಲಕ ಹಾಕಿದೆ, ಮತ್ತೆ ತೆಗೆದಿಟ್ಟೆ.

ಪಟಾಕಿ ಹಜಾರದಿಂದ ಓಡಿ ಬಂದಳು. "ಅತ್ತೆ, ಪಪ್ಪ ಬಾಕ್ಸೇ ಮರೆತು ಹೋದ್ರು! ಬಾಕ್ಸ್ ಇಲ್ದೆ ಹೇಗೆ ಪ್ರೋಗ್ರಾಮ್ ಮಾಡ್ತಾರೆ?" ಉತ್ತರವನ್ನೂ ಅವಳೇ ಕಂಡುಕೊಂಡಳು. "ತಗೊಂಡು ಹೋಗೋಕೆ ವಾಪಸ್ ಬರ್ಲೇಬೇಕು. ಬಂದ್ಮೇಲೆ ಕಳಿಸಲ್ಲ ನಾನು. ಸಂಜೆ ಆಯ್ತಲ್ಲ."

ಮೆಟ್ಟಿಲ ಮೇಲೆ ಕೂತಳು. ಬೀದಿ ದೀಪಗಳು ಹೊತ್ತಿಕೊಂಡವು. ಎದುರು ಮನೆಯವರು ಕಿಟಕಿ ಹಾಕಿಕೊಂಡರು, ಕೆಲಸಕ್ಕೆ ಹೋದವರೆಲ್ಲ ಒಬ್ಬೊಬ್ಬರಾಗಿ ಬಂದು ಅವರವರ ಗೇಟು ತೆಗೆದು ಒಳಗೆ ಹೋದರು. ಒಳಗಿನಿಂದ ಅವಳ ಅಮ್ಮ ಊಟಕ್ಕೆ ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದಳು. ಮೂರನೆಯ ಸಲ ಕರೆಯಲಿಲ್ಲ, ಬಾಗಿಲಲ್ಲಿ ಬಂದು ನಿಂತಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅತ್ತೆ" ಎಂದಳು ಪಟಾಕಿ, ಬೀದಿಯ ತಿರುವಿನಿಂದ ಕಣ್ಣು ಕೀಳದೆ, "ಸಂಜೆ ಯಾವಾಗ ಮುಗಿಯುತ್ತೆ?"

ಸಂಡೇ ಸ್ಕೂಲಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸುವವಳು ನಾನು.

"ಇನ್ನೂ ಮುಗಿದಿಲ್ಲ ಕಂದಾ" ಎಂದೆ. ಕತ್ತಲಾಗಿ ಆಗಲೇ ಬಹಳ ಹೊತ್ತಾಗಿತ್ತು.