ಗಾಜಿನ ಕೋಣೆಯ ಸ್ಪೀಕರ್

ನಮ್ಮ ಚರ್ಚಿನ ಹಿಂಭಾಗದಲ್ಲಿ, ಹೊರಬಾಗಿಲ ಪಕ್ಕಕ್ಕೆ, ಒಂದು ಗಾಜಿನ ಕೋಣೆ ಇದೆ. ಪೂಜೆಯ ಹೊತ್ತಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ತಾಯಂದಿರ ಸಮೇತ ಅದರೊಳಗೆ ಕೂರಿಸುತ್ತಾರೆ. ಮಕ್ಕಳ ಸದ್ದು ಹೊರಗೆ ಬರಬಾರದು, ಪೂಜೆಯ ಸದ್ದು ಸ್ಪೀಕರಿನ ಮೂಲಕ ಒಳಗೆ ಹೋಗಬೇಕು. ಹೋಗಬೇಕು ಅಂದೆ, ಹೋಗುತ್ತದೆ ಅನ್ನಲಿಲ್ಲ. ಆ ಸ್ಪೀಕರ್ ಬಾಯಿ ಮುಚ್ಚಿಕೊಂಡು ಎಷ್ಟೋ ತಿಂಗಳಾಗಿತ್ತು. ಒಳಗಿರುವವರ ತುಟಿ ಆಡುವುದು ಕಾಣಿಸುತ್ತದೆ, ಮಾತು ಕೇಳಿಸುವುದಿಲ್ಲ ಎಂದು ಎಲ್ಲರೂ ಅದನ್ನು ಮೀನಿನ ತೊಟ್ಟಿ ಎಂದೇ ಕರೆಯುತ್ತಾರೆ.

ನಾನು ಎಲೆಕ್ಟ್ರಿಷಿಯನ್. ವಾರವೆಲ್ಲ ಕಂಡವರ ಮನೆಯ ಫ್ಯೂಸು, ಪಂಪು, ಫ್ಯಾನು. ಭಾನುವಾರ ಚರ್ಚಿನ ಮೈಕು. ಬಲಿಪೀಠದ ಎಡಕ್ಕೆ, ಕಂಬದ ಪಕ್ಕ ನನ್ನದೊಂದು ಸ್ಟೂಲು, ಮುಂದೆ ಆಂಪ್ಲಿಫೈಯರು. ನಿಜ ಹೇಳಬೇಕೆಂದರೆ ನನಗೆ ಪೂಜೆ ಎಂದರೆ ಅದರ ಗುಂಡಿಗಳೇ. ಫಾದರ್ ಪ್ರಸಂಗ ಮಾಡುವಾಗ ಅವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಮೈಕು ಎಲ್ಲಿ ಗೊರಗುಟ್ಟುತ್ತದೆ ಎನ್ನುವ ಕಡೆಗೇ ನನ್ನ ಕಿವಿ. ಎಲ್ಲ ಸರಿಯಿದ್ದರೆ ನನ್ನನ್ನು ಯಾರೂ ನೆನೆಯುವುದಿಲ್ಲ. ಒಮ್ಮೆ ಕೊಂಯ್ ಎಂದರೆ ಸಾಕು, ಇಡೀ ಚರ್ಚು ನನ್ನನ್ನೇ ದುರುಗುಟ್ಟಿ ನೋಡುತ್ತದೆ.

ನನ್ನ ಮಗಳು ನರ್ಸು. ಅಳಿಯ ಲಾರಿ ಓಡಿಸುತ್ತಾನೆ, ಭಾನುವಾರವೂ ಅವನಿಗೆ ರಸ್ತೆಯೇ. ಅವರ ಮಗಳಿಗೆ ನಾಲ್ಕು ವರ್ಷ, ಮನೆಯಲ್ಲಿ ಅವಳಿಗೆ ಪಿಟೀಲು ಎಂದು ಹೆಸರು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ, ಎದ್ದಾಗಿನಿಂದ ಮಲಗುವ ತನಕ ಕುಯ್ಯುವುದೇ ಕೆಲಸ. ಬಾಯಿ ತುಂಬ ಪೇಸ್ಟಿದ್ದರೂ ಮಾತು ನಿಲ್ಲುವುದಿಲ್ಲ. ಚರ್ಚಿಗೆ ಬಂದರಂತೂ ಅವಳನ್ನು ಹಿಡಿಯುವವರಿಲ್ಲ. ಮೇಣದಬತ್ತಿ ಹಚ್ಚಿದರೆ ಚಪ್ಪಾಳೆ. ಗಂಟೆ ಹೊಡೆದರೆ "ಇನ್ನೊಂದ್ಸಲ!" ಎಲ್ಲರೂ ಆಮೆನ್ ಹೇಳಿ ಮುಗಿಸಿದ ಮೇಲೆ ಅವಳದೊಂದು ಬೇರೆ ಆಮೆನ್, ಸೂರು ಹಾರುವಂತೆ.

ಇದು ಉಶ್ಶಜ್ಜಿಗೆ ಆಗಿಬರುತ್ತಿರಲಿಲ್ಲ. ಹಿಂದಿನ ಬೆಂಚುಗಳಲ್ಲೊಂದರ ತುದಿಯಲ್ಲಿ ಕೂರುವ ಮುದುಕಿ ಅವರು. ಅವರು ತಿರುಗಿ ಉಶ್ ಎಂದರೆ ದೊಡ್ಡವರೂ ಕೆಮ್ಮು ನುಂಗಿಕೊಳ್ಳುತ್ತಾರೆ. ಪಿಟೀಲಿಗೆ ಉಶ್ ಅಂದು ಅಂದು ಸಾಕಾಗಿ ಒಂದು ದಿನ ಬಾಯಿಬಿಟ್ಟೇ ಹೇಳಿದರು: "ಮಗೂನ ಗಾಜಿನ ಕೋಣೆಗೆ ಕರ್ಕೊಂಡು ಹೋಗಮ್ಮ. ಅದನ್ನ ಕಟ್ಟಿರೋದೇ ಇಂಥೋರಿಗೆ." ಮಗಳು ಕೆಂಪಾದ ಮುಖ ಹೊತ್ತು ಎದ್ದು ಹೋದಳು. ಅಂದಿನಿಂದ ಪ್ರತಿ ಭಾನುವಾರ ಅಲ್ಲಿಯೇ.

ಒಂದು ಶುಕ್ರವಾರ ಸಂಜೆ ಮಗಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ಹೇಳಿದಳು, "ಅಪ್ಪಾ, ಇದೊಂದು ಭಾನುವಾರ ಚರ್ಚಿಗೆ ಬರ್ತೀನಿ. ಆಮೇಲೆ ಬರಲ್ಲ."

"ಯಾಕೆ?"

"ಬಂದು ಏನು ಮಾಡ್ಲಿ? ಅಲ್ಲಿ ಕೂತು ಮೂಗು ಒರೆಸೋದು, ಬಿಸ್ಕತ್ತು ಹಂಚೋದು. ಒಂದಕ್ಷರ ಕೇಳ್ಸಲ್ಲ. ಅದನ್ನೇ ಮನೇಲಿ ಮಾಡಿದ್ರಾಯ್ತು."

ಕೋಪದಲ್ಲಿ ಹೇಳಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ತಣ್ಣಗೆ ಹೇಳಿದಳು, ಅದಕ್ಕೇ ನನಗೆ ಹೆದರಿಕೆಯಾಯಿತು. ಹೆಂಡತಿ ಹೋದ ಮೇಲೆ ಇವರಿಬ್ಬರನ್ನು ಕೈಹಿಡಿದು ಚರ್ಚಿನ ಮೆಟ್ಟಿಲು ಹತ್ತುವುದೊಂದೇ ನನಗೆ ಉಳಿದಿದ್ದ ಸಂತೋಷ. ತಾಯಿ ಬಿಟ್ಟರೆ ಮಗುವೂ ಬಿಡುತ್ತದೆ. ಒಮ್ಮೆ ಬಿಟ್ಟವರು ಮತ್ತೆ ಬರುವುದು ಅಪರೂಪ, ಅದನ್ನು ನಾನು ಬೇರೆ ಮನೆಗಳಲ್ಲಿ ನೋಡಿದ್ದೇನೆ.

"ನಾಳೇನೇ ಸ್ಪೀಕರ್ ಸರಿ ಮಾಡ್ತೀನಿ. ಕೇಳ್ಸಿದ್ರೆ ಬರ್ತೀಯಾ?"

"ಮೊದ್ಲು ಮಾಡಪ್ಪಾ. ಊರ ತುಂಬ ರಿಪೇರಿ ಮಾಡ್ತೀಯ, ಅದೊಂದು ಬಿಟ್ಟು."

ಶನಿವಾರ ಹೊಸ ಸ್ಪೀಕರ್ ತಂದು, ಏಣಿ ಹತ್ತಿ, ಗೋಡೆಗುಂಟ ಹೊಸ ತಂತಿ ಎಳೆದು, ಆಂಪ್ಲಿಫೈಯರಿನ ಹಿಂದೆ ಪಿನ್ನು ಚುಚ್ಚಿದೆ. ಪರೀಕ್ಷೆ ಮಾಡೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ನನ್ನ ಕೈ ತಪ್ಪುವುದಿಲ್ಲ ಎನ್ನುವ ಜಂಬದಲ್ಲಿ ಹಾಗೆಯೇ ಬೀಗ ಹಾಕಿ ಬಂದೆ.

ಭಾನುವಾರ ಪೂಜೆ ಶುರುವಾಯಿತು. ಅರ್ಧದ ತನಕ ಬಂದ ಮೇಲೆ ಮಗಳು ಗಾಜಿನ ಹಿಂದಿನಿಂದ ಕಿವಿ ಮುಟ್ಟಿ ಕೈ ಅಲ್ಲಾಡಿಸಿದಳು: ಏನೂ ಕೇಳಿಸುತ್ತಿಲ್ಲ. ಅಯ್ಯೋ, ಆ ಹೊಸ ತಂತಿಯ ಗುಂಡಿ ತಿರುಗಿಸುವುದನ್ನೇ ಮರೆತಿದ್ದೇನಲ್ಲ ಎಂದು ಪೂರ್ತಿ ತಿರುಗಿಸಿದೆ. ಫಾದರ್ ಆಗ ರೊಟ್ಟಿಯನ್ನು ಕೈಗೆತ್ತಿಕೊಂಡು ಬಾಗಿದ್ದರು. ಆ ರೊಟ್ಟಿಯಲ್ಲಿ ಯೇಸುವೇ ಬರುತ್ತಾನೆ ಎಂಬುದು ನಮ್ಮ ನಂಬಿಕೆ. ಪೂಜೆಯಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಎಲ್ಲರೂ ಮೊಣಕಾಲೂರಿ ತಲೆ ತಗ್ಗಿಸಿರುತ್ತಾರೆ. ಗಂಟೆ ಬಾರಿಸಿತು. ಫಾದರ್ ರೊಟ್ಟಿಯನ್ನು ಮೇಲೆತ್ತಿದರು.

"ಎತ್ತಿದ್ರು! ಅಮ್ಮಾ, ಎತ್ತಿದ್ರು! ಎಲ್ರೂ ನೋಡ್ರೋ, ಯೇಸು ಬಂದ! ಕೈ ಬೀಸ್ರೋ!"

ಚರ್ಚಿನ ಎಲ್ಲ ಸ್ಪೀಕರುಗಳಿಂದಲೂ ಪಿಟೀಲಿನ ದನಿ. ಆಂಪ್ಲಿಫೈಯರಿನ ಹಿಂದೆ ಬಗ್ಗಿ ನೋಡಿದೆ. ಸದ್ದು ಹೊರಹೋಗುವ ತೂತಿಗೆ ಚುಚ್ಚಬೇಕಾದ ಪಿನ್ನನ್ನು ಒಳಬರುವ ತೂತಿಗೆ ಚುಚ್ಚಿದ್ದೆ. ಸ್ಪೀಕರಿಗೂ ಮೈಕಿಗೂ ಹೊಟ್ಟೆಯೊಳಗಿನ ಸಾಮಾನು ಒಂದೇ. ತಿರುಗಾಮುರುಗಾ ಜೋಡಿಸಿದರೆ ಸ್ಪೀಕರೇ ಮೈಕಾಗುತ್ತದೆ. ಕಲಿಯುವ ಹುಡುಗರೂ ಮಾಡದ ತಪ್ಪು.

ಗುಂಡಿಗೆ ಕೈ ಹಾಕಿದೆ. ಅಷ್ಟರಲ್ಲಿ ಮತ್ತೆ ಮಗುವಿನ ದನಿ: "ಅಮ್ಮಾ, ನೀನ್ಯಾಕೆ ಕೈ ಬೀಸ್ತಿಲ್ಲ?"

"ನಾವು ಎಲ್ಲೋ ಹಿಂದೆ ಇದ್ದೀವಲ್ಲ ಪುಟ್ಟಿ." ಮಗಳದು ದಣಿದ ದನಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡವರ ದನಿ. "ಅವನಿಗೆ ನಾವು ಕಾಣಿಸ್ತೀವೋ ಇಲ್ವೋ, ನನಗಂತೂ ಗೊತ್ತಿಲ್ಲ."

"ಕಾಣಿಸ್ತೀವಮ್ಮಾ! ಎರಡೂ ಕೈ ಬೀಸು. ಇನ್ನೂ ಮೇಲೆ, ಇನ್ನೂ ಮೇಲೆ! ಯೇಸೂ, ಇಲ್ಲಿ, ಇಲ್ಲಿ!"

ಗುಂಡಿ ತಿರುಗಿಸಲು ನನ್ನಿಂದ ಆಗಲಿಲ್ಲ. ತಲೆ ಎತ್ತಿದೆ. ಫಾದರ್ ಕೈ ಇಳಿಸಿರಲಿಲ್ಲ. ಇಷ್ಟು ವರ್ಷ ಅಷ್ಟು ಹತ್ತಿರ ಕೂತು ನಾನು ಆ ಗಳಿಗೆಯಲ್ಲಿ ನೋಡುತ್ತಿದ್ದದ್ದು ಮೀಟರಿನ ಮುಳ್ಳನ್ನು. ಮನೆಗೆ ಯಾರೋ ಪ್ರೀತಿಯವರು ಬಂದಾಗ ಬಾಗಿಲಿಗೆ ಓಡುವುದು ಬಿಟ್ಟು ಕರೆಗಂಟೆಯ ತಂತಿ ನೋಡುತ್ತಾ ಕೂತ ಹಾಗೆ. ನನಗೇ ಗೊತ್ತಿಲ್ಲದೆ ಕೈ ಮೇಲೆದ್ದಿತು, ಬೀಸಿದೆ. ಕಣ್ಣು ಮಂಜಾಗಿತ್ತು.

ನಾನು ಬೀಸಿದ್ದನ್ನು ಮಗಳು ಗಾಜಿನೊಳಗಿಂದ ನೋಡಿ, ಸ್ಪೀಕರಿನ ವಿಚಾರ ಏನೋ ಕೇಳುತ್ತಿದ್ದೇನೆ ಎಂದುಕೊಂಡು ಬಾಗಿಲು ತೆರೆದು ಹೊರಗೆ ಬಂದಳು. "ಅಮ್ಮಾ, ಎಲ್ಲಿಗೆ ಹೋಗ್ತೀಯಾ?" ಎಂದು ಚರ್ಚಿನ ನಾಲ್ಕು ಗೋಡೆಗಳಿಂದಲೂ ಅವಳ ಮಗಳೇ ಕೇಳಿದಳು. ಜನ ಒಬ್ಬೊಬ್ಬರಾಗಿ ತಿರುಗಿ ನೋಡಿದರು. ತಾನು ಆಡಿದ ಮಾತನ್ನೂ ಇವರೆಲ್ಲ ಕೇಳಿದ್ದಾರೆ ಎಂದು ಅವಳಿಗೆ ಹೊಳೆಯಿತು. ಮುಖ ಬಿಳಿಚಿಕೊಂಡಿತು. ಓಡಿಬಂದ ಪಿಟೀಲು ಅವಳ ಬೆರಳು ಹಿಡಿದುಕೊಂಡಳು. ಹೊರಬಾಗಿಲು ಪಕ್ಕದಲ್ಲೇ ಇತ್ತು. ಮಗಳು ಅತ್ತ ತಿರುಗಿದಳು. ಇನ್ನು ಮುಗಿಯಿತು, ಕೈಯಾರೆ ಕಳೆದುಕೊಂಡೆ ಎಂದುಕೊಂಡೆ.

ಆಗ ಉಶ್ಶಜ್ಜಿ ಬೆಂಚು ಹಿಡಿದು ಮೆಲ್ಲಗೆ ಎದ್ದರು. ಸದ್ದು ಬಂದ ಕಡೆಗೆ ಕೈ ಚಾಚಿದರು, ಆದರೆ ಕೈ ಹೋದದ್ದು ಖಾಲಿ ಜಾಗಕ್ಕೆ.

"ಮಗೂ, ಎಲ್ಲಿದ್ದೀಯಾ? ಇಲ್ಲಿ ಬಾ. ನನಗೆ ಅಲ್ಲಿ ಏನು ನಡೀತಿದೆ ಅಂತ ಕಾಣಿಸಲ್ಲ ಕಣಮ್ಮ. ಕಣ್ಣು ಹೋಗಿ ಎಷ್ಟೋ ಕಾಲ ಆಯ್ತು. ಈಗೇನು ಮಾಡ್ತಿದ್ದಾರೆ, ಹೇಳು."

ಅವರಿಗೆ ಕಣ್ಣು ಕಾಣಿಸುವುದಿಲ್ಲ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೂಜೆ ಬಾಯಿಪಾಠವಾಗಿದ್ದವರು, ಎಲ್ಲರ ಜೊತೆ ಏಳುತ್ತಿದ್ದರು, ಕೂರುತ್ತಿದ್ದರು. ಅವರಿಗೆ ಉಳಿದಿದ್ದದ್ದು ಕಿವಿ ಒಂದೇ. ಅದಕ್ಕೇ ಆ ಉಶ್.

ಪಿಟೀಲು ತಾಯಿಯ ಬೆರಳು ಬಿಟ್ಟು ಓಡಿ ಬೆಂಚಿನ ಮೇಲೆ ಹತ್ತಿ ನಿಂತಳು. "ಈಗ ಲೋಟ ತಗೊಂಡ್ರು ಅಜ್ಜಿ. ಬಗ್ಗಿದ್ರು. ಇರಿ, ಇರಿ... ಎತ್ತಿದ್ರು! ಚಿನ್ನದ್ದು! ಕೈ ಬೀಸಿ!"

ಉಶ್ಶಜ್ಜಿ ಕೈ ಎತ್ತಿ ಬೀಸಿದರು. ಅವರ ಹಿಂದಿನ ಬೆಂಚಿನವರೂ ಬೀಸಿದರು, ನಾಚುತ್ತ, ಸೊಂಟದ ಮಟ್ಟದಲ್ಲಿ. ಯಾರೋ ಕಿಸಕ್ಕನೆ ನಕ್ಕರು, ಅಜ್ಜಿ ಅವರಿಗೂ ಉಶ್ ಅನ್ನಲಿಲ್ಲ. ಮಗಳು ಕಣ್ಣೊರೆಸಿಕೊಂಡು ಬಂದು ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಿದಳು.

ಪೂಜೆ ಮುಗಿದ ಮೇಲೆ ನಾನು ತಂತಿ ಸುತ್ತುತ್ತಿದ್ದಾಗ ಅವಳು ಹತ್ತಿರ ಬಂದಳು.

"ಪಿನ್ನು ತಪ್ಪು ಚುಚ್ಚಿದ್ದೆ," ಎಂದೆ, ಮುಖ ನೋಡದೆ. "ಮುಂದಿನ ವಾರದೊಳಗೆ ಸರಿ ಮಾಡ್ತೀನಿ. ಖಂಡಿತ ಕೇಳ್ಸುತ್ತೆ."

"ಬೇಡ ಬಿಡಪ್ಪಾ. ಇನ್ನು ನಾವು ಆ ಕೋಣೆಗೆ ಹೋಗಲ್ಲ."

ನನ್ನ ಕೈಯಲ್ಲಿದ್ದ ತಂತಿ ಕೆಳಗೆ ಬಿತ್ತು. "ಹಾಗಾದ್ರೆ ಬರೋದೇ ಇಲ್ವಾ?"

"ಬರದೆ ಏನು? ಆ ಅಜ್ಜಿಗೆ ಯಾರು ಹೇಳ್ತಾರೆ ಮತ್ತೆ?"